ತೀರಿಸಲಾಗದ ಸಾಲ, ಮರೆಮಾಡಲಾಗದ ಸತ್ಯ

ಸಾಲದಲ್ಲಿ ಮುಳುಗಿದ ಕುಟುಂಬ ದೇವಾಲಯಕ್ಕೆ ಬರುವುದನ್ನು ಒಂದೇ ದಿನದಲ್ಲಿ ನಿಲ್ಲಿಸುವುದಿಲ್ಲ. ಮೊದಲು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಸರಿಯುತ್ತದೆ. ಅನಂತರ ಬಲಿಪೂಜೆಯ ಕೊನೆಯ ಆಶೀರ್ವಾದಕ್ಕೆ ಮೊದಲೇ ಹೊರನಡೆಯುತ್ತದೆ. ಏಕೆಂದರೆ ಸಾಲ ಕೊಟ್ಟವರಲ್ಲಿ ಒಬ್ಬರು ಅದೇ ದೇವಾಲಯದ ಅಂಗಳದಲ್ಲಿ ನಿಂತಿರುತ್ತಾರೆ. ಕಡೆಗೊಂದು ಭಾನುವಾರ ಆ ಮನೆಯವರು ಕಾಣಿಸುವುದೇ ಇಲ್ಲ. ಅವರ ಮಾತು ಬಂದಾಗ ಯಾರೋ ತಗ್ಗಿದ ದನಿಯಲ್ಲಿ, "ಅವರು ಪಾಪರ್ ಆಗಿದ್ದಾರಂತೆ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಇಂಗ್ಲಿಷಿನಿಂದ ಬಂದ 'ಪಾಪರ್' ಎಂಬ ಪದಕ್ಕೆ ನಿರ್ಗತಿಕ ಎಂದಷ್ಟೇ ಅರ್ಥ. ದಿವಾಳಿಯೆಂದು ನ್ಯಾಯಾಲಯದಲ್ಲಿ ಘೋಷಿಸಿಕೊಂಡವನನ್ನು ಕುರಿತು 'ಪಾಪರ್ ಚೀಟಿ ತೆಗೆದುಕೊಂಡ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಕನ್ನಡದ ಕಿವಿಗೆ ಆ ಪದದಲ್ಲಿ ಮೊದಲು ಕೇಳಿಸುವುದು 'ಪಾಪ' ಎಂಬ ಶಬ್ದವೇ. ಕೊಡಬೇಕಾದುದನ್ನು ಕೊಡಲಾಗದವನು ಪಾಪಿ ಎಂಬ ತೀರ್ಪು ಪದದೊಳಗೇ ಅಡಗಿರುವಂತಿದೆ. ಹಾಗಾದರೆ, ಸಾಲ ತೀರಿಸುವ ದಾರಿಯೆಲ್ಲ ಮುಚ್ಚಿಹೋದ ಗೃಹಸ್ಥನೊಬ್ಬ ವಕೀಲರ ಬಳಿಗೆ ಹೋಗಿ ಕಾನೂನಿನ ಆಶ್ರಯ ಕೇಳುವುದು ತಪ್ಪೇ? ತಪ್ಪಲ್ಲವೆಂದಾದರೆ, ಅವನು ಎಂಥ ವಕೀಲರನ್ನು ಅರಸಬೇಕು, ಎಂಥ ಮನಸ್ಸಿನಿಂದ ಅವರ ಮುಂದೆ ಕುಳಿತುಕೊಳ್ಳಬೇಕು? ಮೇಲ್ನೋಟಕ್ಕೆ ಇದು ಲೌಕಿಕ ವ್ಯವಹಾರದ ಪ್ರಶ್ನೆ. ಒಳಹೊಕ್ಕು ನೋಡಿದರೆ ಅಂತಃಸಾಕ್ಷಿಯ ಪ್ರಶ್ನೆ.

ಸಾಲಗಾರನ ಹೊಸ್ತಿಲು

ಪವಿತ್ರ ಗ್ರಂಥವು ಸಾಲವನ್ನು ಹಗುರವಾಗಿ ಕಾಣುವುದಿಲ್ಲ. ಪರರ ಸಾಲಕ್ಕೆ ಕೈಯೊಡ್ಡಿ ಜಾಮೀನು ನಿಲ್ಲುವವನನ್ನು ಜ್ಞಾನೋಕ್ತಿಗಳ ಗ್ರಂಥ ಮತ್ತೆ ಮತ್ತೆ ಎಚ್ಚರಿಸುತ್ತದೆ. ಆದರೆ ಅದೇ ಗ್ರಂಥಮಾಲೆ ಸಾಲ ಕೊಟ್ಟವನಿಗೂ ಮಿತಿಗಳನ್ನು ಹಾಕುತ್ತದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಪಡೆದರೆ ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು, ಒತ್ತೆಗಾಗಿ ಸಾಲಗಾರನ ಮನೆಯೊಳಗೆ ನುಗ್ಗದೆ ಹೊರಗೆ ನಿಂತಿರಬೇಕು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಏಳು ವರ್ಷಕ್ಕೊಮ್ಮೆ ಸಾಲಮನ್ನಾ, ಐವತ್ತನೆಯ ವರ್ಷದ ಜುಬಿಲಿ, ಇವೆಲ್ಲವೂ ಒಂದೇ ತತ್ತ್ವದ ವಿಸ್ತಾರಗಳು: ಸಾಲವು ಮನುಷ್ಯನ ಕೈಯನ್ನು ಕಟ್ಟಬಹುದು, ಆದರೆ ಅವನ ಮನುಷ್ಯತ್ವವನ್ನು ಕೊಂಡುಕೊಳ್ಳಲಾರದು.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪುಗಳ ಕ್ಷಮೆಯನ್ನು ಬೇಡುತ್ತೇವೆ. ಸಂತ ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದಕ್ಕೆ ನೇರವಾದ ಅರ್ಥ 'ಸಾಲಗಳು' ಎಂದು. ದೇವರ ಮುಂದೆ ನಾವೆಲ್ಲರೂ ತೀರಿಸಲಾಗದ ಸಾಲಗಾರರೇ ಎಂಬುದನ್ನು ಪ್ರತಿದಿನವೂ ಉಚ್ಚರಿಸುವ ನಾವು, ಪಕ್ಕದ ಮನೆಯ ಸಾಲಗಾರನನ್ನು ಕಂಡಾಗ ಮಾತ್ರ ದೂರ ಸರಿಯುತ್ತೇವೆ.

ಅಶಕ್ಯವಾದುದನ್ನು ಮಾಡುವ ಹೊಣೆ ಯಾರ ಮೇಲೂ ಇಲ್ಲ ಎಂಬುದು ನೀತಿಶಾಸ್ತ್ರದ ಹಳೆಯ ಸೂತ್ರ. ಕೊಡಲಾರದವನೂ ಕೊಡಲೊಲ್ಲದವನೂ ಒಂದೇ ಅಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಇಬ್ಬರ ಬಾಗಿಲಿಗೂ ಅದೇ ನೋಟೀಸು ಬರುತ್ತದೆ. ಅವರನ್ನು ಬೇರ್ಪಡಿಸಿ ತೋರಿಸುವುದು ಸತ್ಯವೊಂದೇ. ಈ ಲೇಖನದ ಸಾರವೂ ಅಷ್ಟೇ.

ಕಾನೂನಿನ ಬಾಗಿಲು

ನಮ್ಮ ದೇಶದ ಕಾನೂನು ಈ ವ್ಯತ್ಯಾಸವನ್ನು ಗುರುತಿಸುತ್ತದೆ. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ಪ್ರಸಿದ್ಧ ತೀರ್ಪಿನಲ್ಲಿ, ಕೇವಲ ಸಾಲ ತೀರಿಸಲಾಗದ ಬಡತನಕ್ಕಾಗಿ ಒಬ್ಬನನ್ನು ಸೆರೆಗೆ ತಳ್ಳುವುದು ಸಲ್ಲದು. ಕೈಯಲ್ಲಿ ಹಣವಿದ್ದೂ ದುರುದ್ದೇಶದಿಂದ ಕೊಡದವನ ಮಾತು ಬೇರೆ ಎಂದು ಸ್ಪಷ್ಟಪಡಿಸಲಾಯಿತು. ಡಿಕ್ರಿಯ ಜಾರಿಯಲ್ಲಿ ಜಪ್ತಿ ಮಾಡಲಾಗದ ವಸ್ತುಗಳ ಪಟ್ಟಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲಿದೆ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಣ್ಣುಮಗಳು ಬಿಟ್ಟಿರಲಾಗದ ಆಭರಣ, ಕುಶಲಕರ್ಮಿಯ ಹತಾರಗಳು, ಬೇಸಾಯಗಾರನ ಉಪಕರಣಗಳು ಮತ್ತು ಬಿತ್ತನೆಯ ಕಾಳು. ಬೀಸುವ ಕಲ್ಲು ಮತ್ತು ಹೊದಿಕೆಯ ಆ ಪ್ರಾಚೀನ ನಿಯಮಗಳ ಪ್ರತಿಧ್ವನಿ ಇದರಲ್ಲಿ ಕೇಳಿಸದೇ?

ಸಾಮಾನ್ಯ ಮನುಷ್ಯನು ತಾನೇ ಅರ್ಜಿ ಸಲ್ಲಿಸಿ ದಿವಾಳಿಯೆಂದು ಘೋಷಿಸಿಕೊಳ್ಳಲು 1920ರ ಪ್ರಾಂತೀಯ ದಿವಾಳಿತನ ಕಾಯಿದೆ ಅವಕಾಶ ಕಲ್ಪಿಸಿತು. ಸಾಲ ಕನಿಷ್ಠ 500 ರೂಪಾಯಿ ಇರಬೇಕೆಂಬ ಅದರ ನಿಯಮವೇ ಕಾಯಿದೆಯ ವಯಸ್ಸನ್ನು ಸಾರುತ್ತದೆ. 2016ರಲ್ಲಿ ಹೊಸ ದಿವಾಳಿತನ ಸಂಹಿತೆ ಬಂತು. ಅದರ ವ್ಯಕ್ತಿಗತ ಸಾಲದ ಭಾಗವು, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಜಾರಿಯಾಯಿತು. ಉಳಿದವರನ್ನು ಹಳೆಯ ಕಾಯಿದೆಗೇ ಬಿಡಲಾಯಿತು. ತನ್ನ ಪ್ರಕರಣಕ್ಕೆ ಅನ್ವಯಿಸುವ ಬಾಗಿಲು ಯಾವುದು ಎಂಬುದೇ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಅರ್ಜಿ ಸಲ್ಲಿಸುವವನು ಜಿಲ್ಲಾ ನ್ಯಾಯಾಲಯದ ಮುಂದೆ ಎರಡು ಪಟ್ಟಿಗಳನ್ನು ಇಡಬೇಕು: ಯಾರಿಗೆ ಎಷ್ಟು ಕೊಡಬೇಕು ಎಂಬುದೊಂದು, ತನ್ನಲ್ಲಿ ಏನೇನಿದೆ ಎಂಬುದಿನ್ನೊಂದು. ದಿವಾಳಿಯೆಂಬ ಆಜ್ಞೆಯಾದ ಮೇಲೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರರ ವಶಕ್ಕೆ ಹೋಗಿ, ಸಾಲ ಕೊಟ್ಟವರಿಗೆ ನಿಯಮದಂತೆ ಹಂಚಿಕೆಯಾಗುತ್ತದೆ. ಅಲ್ಲಿಂದ ಮುಂದೆ ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಅವನ ಮೇಲೆ ಪ್ರತ್ಯೇಕವಾಗಿ ದಾವೆ ಹೂಡುವಂತಿಲ್ಲ. ಕಡೆಗೆ ನ್ಯಾಯಾಲಯ ಅವನ ನಡತೆಯನ್ನು ಪರಿಶೀಲಿಸಿ ಋಣದಿಂದ ಬಿಡುಗಡೆ ನೀಡಬಹುದು, ನಿರಾಕರಿಸಲೂಬಹುದು. ಜೂಜಾಡಿದನೇ, ಮಿತಿಮೀರಿದ ಆಡಂಬರ ಮಾಡಿದನೇ, ತಾನು ಮುಳುಗಿದ್ದೇನೆಂದು ತಿಳಿದ ಮೇಲೂ ವ್ಯಾಪಾರ ಮುಂದುವರಿಸಿದನೇ, ಲೆಕ್ಕಪತ್ರಗಳನ್ನು ಇಡದೇಹೋದನೇ ಎಂದು ಅದು ಕೇಳುತ್ತದೆ. ಆಸ್ತಿಯ ಮೌಲ್ಯ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದಾದುದಲ್ಲವೆಂದು ಅವನು ತೋರಿಸಿಕೊಡಬೇಕು.

ಮನೆ ಅಡಮಾನವಿಟ್ಟು ಪಡೆದ ಸಾಲಕ್ಕೂ ಒತ್ತೆಯಿಟ್ಟ ಚಿನ್ನಕ್ಕೂ ಈ ರಕ್ಷಣೆ ಸಿಗುವುದಿಲ್ಲ. ಒತ್ತೆಯ ಮೇಲೆ ಸಾಲ ಕೊಟ್ಟವನ ಹಕ್ಕು ಹಾಗೆಯೇ ಉಳಿಯುತ್ತದೆ. ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕೆಂದು ಆಜ್ಞೆಯಾದ ಜೀವನಾಂಶ, ಇವು ಬಿಡುಗಡೆಯ ಅನಂತರವೂ ಅಳಿಯುವುದಿಲ್ಲ. ಆದುದರಿಂದ ಪಾಪರ್ ಚೀಟಿ ಎಲ್ಲವನ್ನೂ ಒರೆಸಿಹಾಕುವ ಮಾಯಾವಸ್ತ್ರವಲ್ಲ. ಅದು ಬೇರೆ ದಾರಿಗಳು ಮುಗಿದ ಮೇಲೆ ತಟ್ಟಬೇಕಾದ ಬಾಗಿಲು.

ಪ್ರವಾದಿಯ ಪ್ರಶ್ನೆ, ವಕೀಲರ ಪ್ರಶ್ನೆ

ಅರಸುಗಳ ಎರಡನೆಯ ಗ್ರಂಥದಲ್ಲಿ ಒಬ್ಬ ವಿಧವೆ ಪ್ರವಾದಿ ಎಲೀಷನ ಬಳಿಗೆ ಬರುತ್ತಾಳೆ. ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಕೊಂಡೊಯ್ಯಲು ಬಂದಿದ್ದಾನೆ. ಪ್ರವಾದಿ ಮೊದಲು ಪ್ರಾರ್ಥನೆಯನ್ನು ಹೇಳಿಕೊಡುವುದಿಲ್ಲ, ಸಾಲ ಕೊಟ್ಟವನನ್ನು ಶಪಿಸುವುದೂ ಇಲ್ಲ. ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ಒಂದು ಕುಡಿಕೆ ಎಣ್ಣೆಯ ಹೊರತು ಮತ್ತೇನೂ ಇಲ್ಲವೆಂದು ಅವಳು ಇದ್ದುದನ್ನು ಇದ್ದಂತೆ ಹೇಳುತ್ತಾಳೆ. ಆ ಸತ್ಯವಾದ ಉತ್ತರದಿಂದಲೇ ಅದ್ಭುತ ಆರಂಭವಾಗುತ್ತದೆ. ನೆರೆಹೊರೆಯವರ ಪಾತ್ರೆಗಳು ಬರುತ್ತವೆ, ಎಣ್ಣೆ ತುಂಬುತ್ತದೆ. ಮಾರಿ ಮೊದಲು ಸಾಲ ತೀರಿಸು, ಉಳಿದುದರಲ್ಲಿ ಮಕ್ಕಳೊಡನೆ ಬಾಳು ಎಂಬುದು ಪ್ರವಾದಿಯ ಆದೇಶದ ಕ್ರಮ.

ಒಳ್ಳೆಯ ವಕೀಲರ ಮೊದಲ ಪ್ರಶ್ನೆಯೂ ಇದೇ: ಮನೆಯಲ್ಲಿ ಏನಿದೆ? ಯಾರಿಗೆ ಎಷ್ಟು? ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ? ಈ ಪ್ರಶ್ನೆಗಳ ಮುಂದೆ ಸಾಲಗಾರನ ನಾಲಿಗೆ ತೊದಲುತ್ತದೆ. ಬ್ಯಾಂಕಿನ ಸಾಲವನ್ನು ಹೇಳುತ್ತಾನೆ, ಮೀಟರ್ ಬಡ್ಡಿಯ ಕೈಸಾಲವನ್ನು ಮುಚ್ಚಿಡುತ್ತಾನೆ. ನಾದಿನಿಯ ಬಳೆಗಳನ್ನು ತಂದು ಒತ್ತೆಯಿಟ್ಟ ಸಂಗತಿ ಹೆಂಡತಿಗೂ ತಿಳಿದಿರುವುದಿಲ್ಲ. ನಾಚಿಕೆಯೇ ಇಲ್ಲಿ ದೊಡ್ಡ ಸುಳ್ಳುಗಾರ. ಆದರೆ ಅರ್ಧ ಸತ್ಯದ ಮೇಲೆ ಬರೆದ ಅರ್ಜಿ, ಎದುರಾಳಿಯ ವಕೀಲರ ಮೊದಲ ಪಾಟೀಸವಾಲಿಗೇ ಕುಸಿದು ಬೀಳುತ್ತದೆ.

ವಕೀಲರ ಬಳಿ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ, ಹಿಂದಿನ ಸಾಕ್ಷ್ಯ ಕಾಯಿದೆಯಂತೆ, ಕಕ್ಷಿದಾರನು ವಿಶ್ವಾಸದಿಂದ ಹೇಳಿದುದನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಬಯಲುಮಾಡಬಾರದೆನ್ನುತ್ತದೆ. ಪಾಪನಿವೇದನೆಯ ಮುದ್ರೆಯನ್ನು ಬಲ್ಲ ನಮಗೆ ಈ ಗುಟ್ಟಿನ ಬೆಲೆ ಅರ್ಥವಾಗುತ್ತದೆ. ಆದರೆ ಒಂದು ಭೇದವನ್ನು ಮರೆಯಬಾರದು. ಪಾಪನಿವೇದನೆಯ ಮುದ್ರೆಗೆ ವಿನಾಯಿತಿಯೇ ಇಲ್ಲ. ವಕೀಲರ ಗುಟ್ಟಿಗೆ ಇದೆ. ಮುಂದೆ ಮಾಡಲಿರುವ ಅಕ್ರಮಕ್ಕೆ ನೆರವು ಕೇಳಿ ಆಡಿದ ಮಾತನ್ನು ಅದು ರಕ್ಷಿಸುವುದಿಲ್ಲ.

ಎಂಥ ವಕೀಲರು?

ಸಾಲಗಾರನ ಕಿವಿಗೆ ಇಂಪಾದ ಸಲಹೆಯೊಂದು ಊರಲ್ಲೆಲ್ಲ ಓಡಾಡುತ್ತಿರುತ್ತದೆ: "ಮನೆಯನ್ನು ಹೆಂಡತಿಯ ಹೆಸರಿಗೆ ಬರೆದುಬಿಡು, ಆಮೇಲೆ ಅರ್ಜಿ ಹಾಕು." ವಕೀಲರೇ ಹೀಗೆಂದರೆ ಆ ಕಚೇರಿಯಿಂದ ಎದ್ದುಬರುವುದೇ ಲೇಸು. ಬೆಲೆ ಪಡೆಯದೆ ಹಾಗೆ ವರ್ಗಾಯಿಸಿದ ಆಸ್ತಿಯನ್ನು, ವರ್ಗಾವಣೆಯಾದ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ಅವನು ದಿವಾಳಿಯೆಂದು ಘೋಷಿತನಾದರೆ, ನ್ಯಾಯಾಲಯ ರದ್ದುಪಡಿಸಬಹುದು. ವಂಚನೆಯಿಂದ ಆಸ್ತಿಯನ್ನೂ ಲೆಕ್ಕಪತ್ರಗಳನ್ನೂ ಮರೆಮಾಡಿದವನಿಗೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆಯೂ ಇದೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಅನನೀಯ ಮತ್ತು ಸಪ್ಫೈರ ದಂಪತಿಗಳನ್ನು ನೆನೆಯೋಣ. ಹೊಲ ಅವರದೇ ಆಗಿತ್ತು, ಮಾರಿದ ಹಣವೂ ಅವರದೇ. ಒಂದು ಪಾಲನ್ನು ಇಟ್ಟುಕೊಂಡದ್ದಕ್ಕಿಂತಲೂ, ಇಟ್ಟುಕೊಂಡಿಲ್ಲವೆಂದು ಗಂಡಹೆಂಡಿರು ಕೂಡಿ ನಟಿಸಿದ್ದೇ ಅವರ ಪತನಕ್ಕೆ ಕಾರಣವಾಯಿತು.

ಒಳ್ಳೆಯ ವಕೀಲರ ಗುರುತುಗಳು ಕೆಲವಿವೆ. ಅವರು ಸಿವಿಲ್ ವ್ಯವಹಾರಗಳಲ್ಲಿ, ಅದರಲ್ಲೂ ಸಾಲ ವಸೂಲಿ ಮತ್ತು ದಿವಾಳಿತನದ ಪ್ರಕರಣಗಳಲ್ಲಿ ಪಳಗಿದವರಾಗಿರಬೇಕು. ಇಂಥ ಎಷ್ಟು ಅರ್ಜಿಗಳನ್ನು ನಡೆಸಿದ್ದೀರಿ ಎಂದು ವಿನಯದಿಂದ ಕೇಳುವುದು ಅವಮಾನವಲ್ಲ. ಕಾಗದಪತ್ರಗಳನ್ನು ನೋಡುವ ಮೊದಲೇ 'ಗೆದ್ದೇ ಗೆಲ್ಲುತ್ತೇವೆ' ಎನ್ನುವವರಿಗಿಂತ, ಅರ್ಜಿ ಹಾಕುವುದು ಬೇಡವೆನ್ನಬಲ್ಲವರು ಮೇಲು. ಬ್ಯಾಂಕಿನೊಡನೆ ಒಮ್ಮೆಲೇ ಇತ್ಯರ್ಥ ಸಾಧ್ಯವೇ, ಕಂತುಗಳನ್ನು ಹಿಗ್ಗಿಸಬಹುದೇ, ಲೋಕ ಅದಾಲತ್ತಿನಲ್ಲಿ ರಾಜಿ ಆಗಬಹುದೇ ಎಂದು ಅವರು ಮೊದಲು ಯೋಚಿಸುತ್ತಾರೆ. ವಸೂಲಿಗೆ ಬಂದವರು ಮನೆ ಬಾಗಿಲಲ್ಲಿ ಬೆದರಿಸುತ್ತಿದ್ದರೆ ಅದಕ್ಕೆ ಬೇರೆಯೇ ಪರಿಹಾರವಿದೆಯೆಂದು ತಿಳಿಸುತ್ತಾರೆ. ಕಿರುಸಾಲದ ವಸೂಲಿಗಾರರ ಕಾಟಕ್ಕೆ ಜೀವಗಳೇ ಬಲಿಯಾದ ಸುದ್ದಿಗಳು ಬಂದಾಗ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿದ್ದನ್ನು ನಾವು ಕಂಡಿದ್ದೇವೆ.

ಶುಲ್ಕದ ಮಾತನ್ನು ಮೊದಲ ದಿನವೇ ಆಡಿ, ಬರಹದಲ್ಲಿ ಪಡೆಯಬೇಕು. ಪ್ರಕರಣದ ಫಲಿತಾಂಶಕ್ಕೆ ತಕ್ಕಂತೆ ಶುಲ್ಕವನ್ನು ಗೊತ್ತುಪಡಿಸಿಕೊಳ್ಳುವುದನ್ನೂ, ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಸೆಳೆಯುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದುದರಿಂದ ಸಾಲವನ್ನೆಲ್ಲ ಅಳಿಸಿಹಾಕುತ್ತೇವೆಂದು ಕೂಗಿ ಕರೆಯುವವರ ವಿಷಯದಲ್ಲಿ ಎಚ್ಚರವಿರಲಿ. ವಕಾಲತ್ತಿಗೆ ಸಹಿ ಹಾಕಿ. ಖಾಲಿ ಕಾಗದಕ್ಕೆ ಹಾಕಬೇಡಿ. ಕೊಟ್ಟ ಪ್ರತಿಯೊಂದು ಪತ್ರದ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಶುಲ್ಕ ಕೊಡುವ ಶಕ್ತಿಯಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ಸಾಕು.

ಹಾಗೆಯೇ, ಸಾಧ್ಯವಾದಾಗಲೆಲ್ಲ ಗಂಡಹೆಂಡತಿ ಕೂಡಿಯೇ ವಕೀಲರ ಬಳಿಗೆ ಹೋಗಲಿ. ಎಷ್ಟೋ ಮನೆಗಳಲ್ಲಿ ಸಾಲಕ್ಕಿಂತಲೂ ಸಾಲದ ಗುಟ್ಟೇ ದಾಂಪತ್ಯವನ್ನು ಒಡೆಯುತ್ತದೆ.

ವಕೀಲರ ಪಾಲಕ ಸಂತ ಈವೊ ಅವರ ಬಗ್ಗೆ ಹಳೆಯ ಕಥೆಯೊಂದಿದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ 1253ರಲ್ಲಿ ಹುಟ್ಟಿ 1303ರಲ್ಲಿ ತೀರಿಕೊಂಡ ಈ ಗುರುಗಳು ಬಡವರ ವಕೀಲರೆಂದೇ ಪ್ರಸಿದ್ಧರು. ಇಬ್ಬರು ಧೂರ್ತರು ಒಬ್ಬ ವಿಧವೆಯ ಬಳಿ ಗಂಟೊಂದನ್ನು ಇಟ್ಟು, ಇಬ್ಬರೂ ಕೂಡಿ ಬಂದರೆ ಮಾತ್ರ ಕೊಡಬೇಕೆಂದರಂತೆ. ಒಬ್ಬನು ಉಪಾಯದಿಂದ ಅದನ್ನು ಪಡೆದು ಮಾಯವಾದ. ಇನ್ನೊಬ್ಬನು ಅವಳ ಮೇಲೆ ದಾವೆ ಹೂಡಿದ. ಆಗ ಈವೊ ಅವರು, ಗಂಟು ಸಿಕ್ಕಿದೆ, ಆದರೆ ಕರಾರಿನಂತೆ ಇಬ್ಬರೂ ಬರಬೇಕಲ್ಲವೇ, ನಿನ್ನ ಜೊತೆಗಾರನನ್ನು ಕರೆತಾ ಎಂದರಂತೆ. ಮೋಸ ಬಯಲಾಯಿತು. ನ್ಯಾಯಾಲಯದಲ್ಲಿ ಚಾತುರ್ಯಕ್ಕೂ ಸ್ಥಾನವಿದೆ. ಆದರೆ ಆ ಚಾತುರ್ಯವು ಇಲ್ಲಿ ನಿರಪರಾಧಿಯ ರಕ್ಷಣೆಗೆ ನಿಂತಿತು, ಅಪರಾಧಿಯನ್ನು ಮರೆಸಲು ಅಲ್ಲ.

ಎರಡು ಕಗ್ಗಂಟುಗಳು

ಸತ್ಯವನ್ನೆಲ್ಲ ಹೇಳಿದ ಮೇಲೂ ಅಂತಃಸಾಕ್ಷಿಗೆ ಎರಡು ಕಗ್ಗಂಟುಗಳು ಉಳಿಯುತ್ತವೆ.

ಮೊದಲನೆಯದು, ಯಾರಿಗೆ ಮೊದಲು ಕೊಡಬೇಕು ಎಂಬುದು. ಬ್ಯಾಂಕಿಗೆ ಐದು ಲಕ್ಷ, ವಿಧವೆ ಅತ್ತೆಗೆ ಐವತ್ತು ಸಾವಿರ ಕೊಡಬೇಕಾದವನ ಕೈಗೆ ಐವತ್ತು ಸಾವಿರ ಬಂತೆನ್ನಿ. ಹೃದಯವು ಅತ್ತೆಯ ಕಡೆಗೇ ವಾಲುತ್ತದೆ, ಅದು ಸಹಜ. ಆದರೆ ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಒಬ್ಬರಿಗೆ ಮಾತ್ರ ಒಲವು ತೋರಿ ಕೊಟ್ಟ ಹಣವನ್ನು ಕಾನೂನು ಅಸಿಂಧುವೆಂದು ಪರಿಗಣಿಸಿ ಹಿಂಪಡೆಯಬಲ್ಲದು. ಇದು ನಿರ್ದಯವೆಂದು ತೋರಬಹುದು. ಆದರೂ, ಪಟ್ಟಿಯಲ್ಲಿ ಬ್ಯಾಂಕಷ್ಟೇ ಇರುವುದಿಲ್ಲ. ಅಂಗಡಿಗೆ ಅಕ್ಕಿ ಕೊಟ್ಟವನೂ ಇರುತ್ತಾನೆ, ಚೀಟಿ ಕಟ್ಟಿದ ನೆರೆಮನೆಯಾಕೆಯೂ ಇರುತ್ತಾಳೆ. ನಮ್ಮ ಬಂಧುವಿಗೆ ಗುಟ್ಟಾಗಿ ಕೊಟ್ಟುದು, ನಾವು ಕಾಣದ ಇನ್ನೊಬ್ಬ ಬಡವನ ತಟ್ಟೆಯಿಂದ ತೆಗೆದದ್ದಾಗಿರಬಹುದು. ಕೂಲಿಯವರ ಸಂಬಳದ ಬಾಕಿಗೆ ಕಾಯಿದೆಯೇ ಮಿತಿಯೊಳಗೆ ಆದ್ಯತೆ ನೀಡಿದೆ. ಅದರಾಚೆಗಿನ ಅನುಕಂಪವನ್ನು ಮುಚ್ಚುಮರೆಯಿಲ್ಲದೆ ವಕೀಲರ ಮುಂದಿಟ್ಟು ಕೇಳಬೇಕು.

ಎರಡನೆಯದು ಜಾಮೀನುದಾರನದು. ಸಾಲಗಾರನಿಗೆ ನ್ಯಾಯಾಲಯ ಬಿಡುಗಡೆ ನೀಡಿದರೂ ಜಾಮೀನು ನಿಂತವನಿಗೆ ಬಿಡುಗಡೆಯಿಲ್ಲ. ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆಯೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಸ್ನೇಹಕ್ಕಾಗಿ ಸಹಿ ಹಾಕಿದ ಭಾವನೋ, ಅದೇ ಧರ್ಮಕೇಂದ್ರದ ಗೆಳೆಯನೋ, ಸಾಲಗಾರನು ಹಗುರಾದ ದಿನವೇ ಭಾರ ಹೊರುತ್ತಾನೆ. ಕಾನೂನು ಇಲ್ಲಿ ಮೌನವಾಗಿದೆ. ಅರ್ಜಿಗೆ ಮೊದಲು ಜಾಮೀನುದಾರನ ಬಳಿ ಕುಳಿತು ಮಾತಾಡಬೇಕೆಂದು ಅದು ಆಜ್ಞಾಪಿಸುವುದಿಲ್ಲ. ಆದರೆ ಅಂತಃಸಾಕ್ಷಿ ಆಜ್ಞಾಪಿಸುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತುವ ಮುನ್ನ ಅವನ ಮನೆಯ ಮೆಟ್ಟಿಲು ಹತ್ತಬೇಕು. ಅವನು ಬೈಯಬಹುದು, ಅಳಬಹುದು. ನೋಟೀಸಿನ ಮೂಲಕ ತಿಳಿಯುವುದಕ್ಕಿಂತ ನಮ್ಮ ಬಾಯಿಂದ ತಿಳಿಯುವುದು ಅವನ ಹಕ್ಕು.

ಬಿಡುಗಡೆಯ ಅನಂತರ

ಬಿಡುಗಡೆಯ ಆಜ್ಞೆ ಕೈಸೇರಿದ ಮೇಲೆ ಋಣ ಮುಗಿಯಿತೇ? ಕಾನೂನಿನ ಮಟ್ಟಿಗೆ ಮುಗಿಯಿತು. ಆ ಶಾಂತಿಯನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಜೀವನಪೂರ್ತಿ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದು ದೈವೇಚ್ಛೆಯಲ್ಲ. ಆದರೆ ಕೆಲವು ವರ್ಷಗಳ ಬಳಿಕ ಮನೆಯಲ್ಲಿ ಮತ್ತೆ ದೀಪ ಹೊತ್ತಿದಾಗ, ತನ್ನಿಂದ ಮುಳುಗಿದ ಜಾಮೀನುದಾರನ ನೆನಪು ಬರದಿದ್ದರೆ, ಬರೀ ಚೀಟಿ ಸಿಕ್ಕಿತು, ಬಿಡುಗಡೆ ಸಿಗಲಿಲ್ಲವೆಂದೇ ಹೇಳಬೇಕು. ಸಾವಿರಾರು ತಲಾಂತುಗಳ ಸಾಲ ಮನ್ನಾ ಆದ ಸೇವಕನು ಹೊರಬಂದವನೇ ನೂರು ದಿನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಬಿಡುಗಡೆ ಪಡೆದವರಿಗಾಗಿಯೇ. ಕರುಣೆ ಪಡೆದವನು ಕರುಣೆ ತೋರದಿದ್ದರೆ ಆ ಕರುಣೆ ಅವನಲ್ಲಿ ನಿಲ್ಲುವುದಿಲ್ಲ.

ಕಡೆಯದಾಗಿ, ಹಿಂದಿನ ಬೆಂಚಿನಿಂದಲೂ ಕಾಣೆಯಾದ ಆ ಕುಟುಂಬದ ಮಾತು. ಎಲೀಷನ ವಿಧವೆಗೆ ಅದ್ಭುತವೊಂದೇ ನೆರವಾಗಲಿಲ್ಲ. ಪಾತ್ರೆಗಳನ್ನು ಎರವಲು ಕೊಟ್ಟ ನೆರೆಹೊರೆಯವರೂ ಇದ್ದರು. ಅವರು ಸಾಲ ತೀರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಮ್ಮ ಮನೆಯ ಬರಿದಾದ ಪಾತ್ರೆಗಳನ್ನಷ್ಟೇ ಕೊಟ್ಟರು. ನಮ್ಮಲ್ಲಿ ಹಣವಿಲ್ಲದಿರಬಹುದು. ಲೆಕ್ಕ ಬರೆಯಬಲ್ಲ ನಿವೃತ್ತ ಉಪಾಧ್ಯಾಯರಿದ್ದಾರೆ, ನ್ಯಾಯಾಲಯದ ದಾರಿ ಬಲ್ಲ ಗುಮಾಸ್ತರಿದ್ದಾರೆ, ವಕೀಲರ ಕಚೇರಿಯ ಹೊರಗೆ ಜೊತೆಗೆ ಕಾದು ಕುಳಿತುಕೊಳ್ಳಬಲ್ಲ ಅಮ್ಮಂದಿರಿದ್ದಾರೆ. ಮುಂದಿನ ಭಾನುವಾರ ಆ ಮನೆಯ ಬಾಗಿಲು ತಟ್ಟೋಣ. 'ಪಾಪರ್' ಎಂಬ ಪದವನ್ನು ಅಂಗಳದಲ್ಲೇ ಬಿಟ್ಟು ಒಳಗೆ ಹೋಗೋಣ.